ಮನೆಗೆ ಕಾಲು ಬರೆಯುವ ಮಗಳು

ಬೀದರ್ ಜಿಲ್ಲೆಯ ಕೊಡಂಬಲದಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ: “ಅಕ್ಕಾರ, ಎಂಟನೇ ಕ್ಲಾಸಿನ ನನ್ನ ಮಗಳು ವಹಿ ತುಂಬ ಚಿತ್ರ ತೆಗೀತಾಳ್ರಿ. ಹೂವು, ನವಿಲು ತೆಗೆದ್ರ ನಾವೂ ಬ್ಯಾಡ ಅನ್ನಂಗಿಲ್ಲ. ಇಕಿ ಮನಿಗೆ ಕಾಲು ಹಚ್ಚತಾಳ, ಗೂಬಿಗೆ ಸೀರಿ ಉಡಸ್ತಾಳ! ಗೂಬಿ ಅಪಶಕುನ, ವಹಿ ಒಲಿಗೆ ಹಾಕು ಅಂತಾರ ನಮ್ಮ ಅತ್ತಿ. ನಾ ಏನ್ ಮಾಡ್ಲಿ?”

ತಾಯೀ, ಮೊದಲು ವಹಿಯನ್ನು ಒಲೆಯಿಂದ ದೂರ ಇಡಿ. ಆಮೇಲೆ ನಿಧಾನವಾಗಿ ಈ ಕಥೆ ಓದಿರಿ.

ಸ್ಪೇನ್ ದೇಶದ ಆಂಗ್ಲೆಸ್ ಎಂಬ ಊರಿನಲ್ಲಿ 1908ರ ಡಿಸೆಂಬರ್ 16ರಂದು ಒಂದು ಹೆಣ್ಣು ಕೂಸು ಹುಟ್ಟಿತು. ಅದಕ್ಕೂ ಮುಂಚೆ ಆ ಮನೆಯಲ್ಲಿ ಒಬ್ಬ ಮಗಳು ತೀರಿಕೊಂಡಿದ್ದಳು. ಆ ದುಃಖಕ್ಕೆ ಪರಿಹಾರವಾಗಿ ಬಂದವಳೆಂದು ತಾಯಿ ಈ ಕೂಸಿಗೆ ರೆಮೆಡಿಯೋಸ್ ಎಂದು ಹೆಸರಿಟ್ಟಳು. ಆ ಮಾತಿನ ಅರ್ಥವೇ ಪರಿಹಾರ. ಮುಂದೆ ರೆಮೆಡಿಯೋಸ್ ವಾರೊ ಎಂದು ಲೋಕಕ್ಕೆಲ್ಲ ಗೊತ್ತಾದ ಚಿತ್ರಕಾರ್ತಿ ಈಕೆಯೇ.

ತಂದೆ ನೀರಾವರಿ ಕಾಮಗಾರಿಗಳ ಇಂಜಿನಿಯರು. ಕೆಲಸ ಎಲ್ಲೋ, ಸಂಸಾರ ಅಲ್ಲೇ. ಊರೂರು ತಿರುಗಿದ್ದಾಯಿತು. ಮಗಳು ಗೀಚುವುದನ್ನು ಕಂಡ ತಂದೆ ಬೈಯಲಿಲ್ಲ, “ಭಲೇ” ಎಂದು ಹೊಗಳಿ ಸುಮ್ಮನೂ ಆಗಲಿಲ್ಲ. ತನ್ನ ಕಚೇರಿಯ ನಕ್ಷೆಗಳನ್ನೇ ಅವಳ ಮುಂದಿಟ್ಟು ನಕಲು ಮಾಡಿಸಿದ. ಗೆರೆ ನೆಟ್ಟಗಿರಬೇಕು, ದೂರದ್ದು ಚಿಕ್ಕದಾಗಿ ಕಾಣಬೇಕು, ಚಕ್ರಕ್ಕೆ ಚಕ್ರ ಕೂಡಬೇಕು ಎಂದು ತಿದ್ದಿದ. ತಾಯಿ ದೈವಭಕ್ತೆ. ಮಗಳು ಸನ್ಯಾಸಿನಿಯರ ಶಾಲೆಯಲ್ಲಿ ಕಲಿತಳು. ಅಲ್ಲಿ ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಹೊಲಿಗೆ. ಹುಡುಗಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಜೂಲ್ಸ್ ವರ್ನ್ ಬರೆದ ಸಾಹಸದ ಕಥೆಗಳೇ ಅವಳಿಗೆ ಕಿಟಕಿ.

1924ರಲ್ಲಿ, ಇನ್ನೂ 15 ವರ್ಷದವಳು, ಮ್ಯಾಡ್ರಿಡ್ ನಗರದ ಸಾನ್ ಫೆರ್ನಾಂಡೋ ಕಲಾಶಾಲೆ ಸೇರಿದಳು. ಆಗ ಅಲ್ಲಿ ಹೆಣ್ಣುಮಕ್ಕಳೇ ವಿರಳ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆತೋ ಎಂಬ ಕವಿ ಸರ್ರಿಯಲಿಸಂ ಎಂಬ ಹೊಸ ಪಂಥ ಸಾರಿದ. ನಮ್ಮ ಮಾತಿನಲ್ಲಿ ಅತಿವಾಸ್ತವವಾದ. ಹೆಸರು ಕೇಳಿ ಗಾಬರಿಯಾಗಬೇಡಿ. ಕನಸಿನಲ್ಲಿ ಮನೆ ನಡೆಯುತ್ತದೆ, ಸತ್ತವರು ಬಂದು ಚಹಾ ಕುಡಿಯುತ್ತಾರೆ, ಅಲ್ಲವೇ? ಅದನ್ನು ಎಚ್ಚರದಲ್ಲಿ ಕೂತು ಬರೆಯುವುದೇ ಈ ಪಂಥದವರ ದಾರಿ.

ಮುಂದಿನ ಬದುಕು ಸುಖದ ಸುಪ್ಪತ್ತಿಗೆಯೇನಲ್ಲ. ಸ್ಪೇನಿನಲ್ಲಿ ಅಂತರ್ಯುದ್ಧ, ಆಮೇಲೆ ಹಿಟ್ಲರನ ಸೈನ್ಯ ಪ್ಯಾರಿಸ್ಸಿಗೇ ಬಂತು. 1941ರಲ್ಲಿ ಆಕೆ ದೂರದ ಮೆಕ್ಸಿಕೋಕ್ಕೆ ಓಡಿಹೋಗಬೇಕಾಯಿತು. ಹೊಟ್ಟೆಪಾಡಿಗೆ ಔಷಧಿ ಕಂಪನಿಯ ಜಾಹೀರಾತಿಗೆ ಚಿತ್ರ ಬರೆದಳು. ತನ್ನವೇ ಚಿತ್ರಗಳ ಮೊದಲ ಪ್ರದರ್ಶನ ನಡೆದದ್ದು 1956ರಲ್ಲಿ, 47ನೆಯ ವಯಸ್ಸಿನಲ್ಲಿ! 1963ರಲ್ಲಿ ಹೃದಯಾಘಾತದಿಂದ ತೀರಿಕೊಂಡಳು.

ಆ ಚಿತ್ರಗಳಲ್ಲಿ ಏನಿದೆ ಗೊತ್ತೇ? ಒಂದರಲ್ಲಿ ಗೂಬೆಯ ಮೈಯ ಹೆಣ್ಣು ಮೇಜಿನ ಮುಂದೆ ಕೂತು ಹಕ್ಕಿಗಳನ್ನು ಬರೆಯುತ್ತಾಳೆ, ಅವು ಜೀವ ತಳೆದು ಹಾರುತ್ತವೆ. ಇನ್ನೊಂದರಲ್ಲಿ ಒಂಟಿ ಹೆಂಗಸು ನಕ್ಷತ್ರಗಳನ್ನು ಬೀಸುವ ಯಂತ್ರಕ್ಕೆ ಹಾಕಿ, ಪಂಜರದ ಚಂದ್ರನಿಗೆ ಚಮಚದಲ್ಲಿ ತಿನ್ನಿಸುತ್ತಾಳೆ. ಕೂಸಿಗೆ ರಾಗಿ ಗಂಜಿ ತಿನ್ನಿಸಿದವರಿಗೆ ಆ ಹೆಂಗಸಿನ ದಣಿವು ಬಿಡಿಸಿ ಹೇಳಬೇಕಾಗಿಲ್ಲ. 1961ರ ಮತ್ತೊಂದರಲ್ಲಿ ಗೋಪುರದೊಳಗೆ ಕೂಡಿಹಾಕಿದ ಹುಡುಗಿಯರು ಕಸೂತಿ ಹಾಕುತ್ತಿದ್ದಾರೆ. ಆ ಬಟ್ಟೆ ಕಿಟಕಿಯಿಂದ ಇಳಿಯುತ್ತ ಮನೆ, ಮರ, ಹೊಳೆ, ಊರು ಆಗುತ್ತದೆ. ಅವರಲ್ಲೊಬ್ಬಳು ಯಾರಿಗೂ ತಿಳಿಯದಂತೆ ತಾನು ಪಾರಾಗುವ ದಾರಿಯನ್ನೂ ಹೊಲಿದುಬಿಟ್ಟಿದ್ದಾಳೆ. ಶಾಲೆಯ ಹೊಲಿಗೆ, ತಂದೆಯ ನೆಟ್ಟನೆ ಗೆರೆ, ಉಸಿರು ಕಟ್ಟಿದ ಆ ದಿನಗಳು, ಎಲ್ಲವೂ 40 ವರ್ಷ ಕಳೆದ ಮೇಲೆ ಕೆಲಸಕ್ಕೆ ಬಂದವು ನೋಡಿ.

ಹಾಗಂತ ನಿಮ್ಮ ಮಗಳು ವಾರೊ ಆಗುತ್ತಾಳೆಂದು ನಾನು ಹೇಳುತ್ತಿಲ್ಲ. ಆಗದಿದ್ದರೂ ನಷ್ಟವಿಲ್ಲ. ಆದರೆ ವಹಿ ಸುಟ್ಟರೆ ಚಿತ್ರ ನಿಲ್ಲುವುದಿಲ್ಲ. ತಾಯಿಗೆ ತೋರಿಸುವುದು ನಿಲ್ಲುತ್ತದೆ. ಹೆಣ್ಣುಮಗು ಬೆಳೆಯುವ ವಯಸ್ಸಿನಲ್ಲಿ ಅದು ದೊಡ್ಡ ನಷ್ಟ.

ಆದ್ದರಿಂದ ಹೀಗೆ ಮಾಡಿ. ಪಾಠದ ವಹಿ ಪಾಠಕ್ಕೇ ಇರಲಿ, ಚಿತ್ರಕ್ಕೆ ಬೇರೆ ವಹಿ, ಎರಡು ಪೆನ್ಸಿಲ್ ಕೊಡಿಸಿ. ಅಭ್ಯಾಸ ಮುಗಿದ ಮೇಲೆ ಒಂದು ತಾಸು ಅವಳದು. “ಇದೇನು ಹುಚ್ಚು?” ಅನ್ನುವ ಬದಲು “ಈ ಮನಿ ಎಲ್ಲಿಗೆ ಹೊಂಟದವ್ವಾ?” ಎಂದು ಕೇಳಿ ನೋಡಿ. ಕಣ್ಣಿಗೆ ಕಂಡದ್ದನ್ನೂ ಬರೆಸಿ: ನೀರಿನ ಕೊಡ, ಅಜ್ಜಿಯ ಕೌದಿ. ಬೀದರಿಗೆ ಹೋದಾಗ ಬಿದರಿ ಕೆಲಸದವರು ಲೋಹದ ಮೇಲೆ ಉಳಿಯಿಂದ ಬಳ್ಳಿ ಕೊರೆದು ಬೆಳ್ಳಿ ಕೂಡಿಸುವುದನ್ನು ತೋರಿಸಿ. ಪಕ್ಕದ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಪುರಾಣದ ಚಿತ್ರ ಬರೆದು ಹೆಸರಾದರೆಂದು ಹೇಳಿ. ಆಸೆ ಉಳಿದರೆ, ಪಿ.ಯು.ಸಿ. ಆದ ಮೇಲೆ ಚಿತ್ರಕಲೆಯಲ್ಲೇ ಡಿಗ್ರಿ ಮಾಡಬಹುದು.

ಇನ್ನು ಅತ್ತೆಯವರ ಮಾತು. ಹಿರಿಯರಿಗೆ ಎದುರಾಡಬೇಡಿ. ಬಂಗಾಳದ ಕಡೆ ಗೂಬೆ ಸಾಕ್ಷಾತ್ ಲಕ್ಷ್ಮಿಯ ವಾಹನ ಎಂದು ಮೆಲ್ಲಗೆ ಕಿವಿಗೆ ಹಾಕಿ. ಆಮೇಲೆ ಮೊಮ್ಮಗಳಿಂದ ಅವರದೇ ಒಂದು ಚಿತ್ರ ತೆಗೆಸಿರಿ. ಆ ವಹಿಯನ್ನು ಒಲೆಗೆ ಹಾಕಲು ಅವರೇ ಬಿಡುವುದಿಲ್ಲ!