ಧಣಿ, ಆಳು ಮತ್ತು ನಗುವ ಹಕ್ಕು

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಈಸ್ಟ್ ಪೈನ್ ಕಟ್ಟಡದ ಕಮಾನೊಂದಕ್ಕೆ 2018ರಲ್ಲಿ ಜೇಮ್ಸ್ ಕಾಲಿನ್ಸ್ ಜಾನ್ಸನ್ ಅವರ ಹೆಸರನ್ನು ಇಡಲಾಯಿತು. ಅವರು ಪ್ರಾಧ್ಯಾಪಕರಲ್ಲ, ದಾನಿಯೂ ಅಲ್ಲ. ಮೇರಿಲ್ಯಾಂಡಿನ ಒಡೆಯನಿಂದ 1839ರಲ್ಲಿ ತಪ್ಪಿಸಿಕೊಂಡು ಬಂದು, ಇಲ್ಲಿನ ವಿದ್ಯಾರ್ಥಿಗಳ ಬೂಟು ಒರೆಸುವ, ಒಲೆ ಹೊತ್ತಿಸುವ, ಕೋಣೆಗಳ ಹೊಲಸು ಹೊರಹಾಕುವ ಕೆಲಸಕ್ಕೆ ನಿಂತವರು. 1843ರಲ್ಲಿ ವಿದ್ಯಾರ್ಥಿಯೊಬ್ಬ ಗುರುತು ಹಿಡಿದು ಒಡೆಯನಿಗೆ ಸುದ್ದಿ ಮುಟ್ಟಿಸಿದ. ವಿಚಾರಣೆ ನಡೆಯಿತು, ತೀರ್ಪು ಒಡೆಯನ ಕಡೆಗಾಯಿತು. ಥಿಯೊಡೋಸಿಯಾ ಪ್ರಿವೋಸ್ಟ್ ಎಂಬ ಮಹಿಳೆ ಹಣ ತೆತ್ತು ಬಿಡಿಸಿದರು. ಆ ಹಣವನ್ನು ಜಾನ್ಸನ್ ಸಾಲವೆಂದೇ ಭಾವಿಸಿ ದುಡಿದು ತೀರಿಸಿದರು. ಆಮೇಲೆ 1902ರಲ್ಲಿ ತೀರಿಕೊಳ್ಳುವವರೆಗೆ ಕ್ಯಾಂಪಸ್ಸಿನಲ್ಲಿ ಹಣ್ಣು, ಕಡಲೆಕಾಯಿ, ಮಿಠಾಯಿ ಮಾರಿ ಬದುಕಿದರು.

ಈ ಅರವತ್ತು ವರ್ಷಗಳ ಬದುಕು ವಿದ್ಯಾರ್ಥಿಗಳ ನೆನಪಿನಲ್ಲಿ ಉಳಿದದ್ದು ಮಾತ್ರ ತಮಾಷೆಯಾಗಿ. ಅವರ ಉಗ್ಗು ಮಾತಿನ ಅಣಕು, ಹೊಲಸು ಹೊರುವ ಕೆಲಸದಿಂದ ಬಂದ ದುರ್ವಾಸನೆಯನ್ನೇ ಹಿಡಿದು ಇಟ್ಟ ಅಡ್ಡಹೆಸರು, ಹಳೆಯ ವಿದ್ಯಾರ್ಥಿಗಳ ಕೂಟಗಳಲ್ಲಿ ಮತ್ತೆ ಮತ್ತೆ ಹೇಳಿದ ಪ್ರಸಂಗಗಳು. ಅಣಕಿಸಿದವರಲ್ಲಿ ಬಹುಪಾಲು ಜನ ಅವರನ್ನು ಪ್ರೀತಿಸುತ್ತೇವೆಂದೇ ನಂಬಿದ್ದರು. ಅವರ ಸಮಾಧಿಗೆ ಕಲ್ಲು ನೆಡಿಸಿದವರೂ ಆ ಹಳೆಯ ವಿದ್ಯಾರ್ಥಿಗಳೇ. ಆಳನ್ನು ಕುರಿತ ನಗೆಯ ತೊಡಕು ಇರುವುದು ಇಲ್ಲಿಯೇ: ಅದು ದ್ವೇಷದ ಮುಖ ಹೊತ್ತು ಬರುವುದಿಲ್ಲ, ಸಲುಗೆಯ ಮುಖ ಹೊತ್ತು ಬರುತ್ತದೆ. ಈ ಕಾಲೇಜಿನ ಮೊದಲ ಒಂಬತ್ತು ಅಧ್ಯಕ್ಷರೂ ಒಂದಲ್ಲ ಒಂದು ಕಾಲದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರು ಎಂಬುದನ್ನು ಸಲುಗೆ ಸುಲಭವಾಗಿ ಮರೆಸಿಬಿಡುತ್ತದೆ.

ಕನ್ನಡದಲ್ಲಿ ಈ ನಗೆಗೆ ದೀರ್ಘ ಪರಂಪರೆಯುಂಟು, ಮತ್ತು ಅದು ಒಂದೇ ಬಗೆಯದಲ್ಲ. ಯಕ್ಷಗಾನದ ಹಾಸ್ಯಗಾರ ಚಾರನಾಗಿಯೋ ಸೇವಕನಾಗಿಯೋ ರಂಗಕ್ಕೆ ಬಂದು, ರಾಜನ ಗ್ರಾಂಥಿಕ ಮಾತಿಗೆ ಓಣಿಯ ಮಾತಿನಲ್ಲಿ ಉತ್ತರ ಕೊಡುತ್ತಾನೆ. ಕಿರೀಟವಿಲ್ಲದವನಿಗೆ ಕಿರೀಟವನ್ನು ಗೇಲಿ ಮಾಡುವ ಸ್ವಾತಂತ್ರ್ಯ ಅಲ್ಲಿದೆ; ರಾತ್ರಿ ಕಳೆದ ಮೇಲೆ ಅದು ಉಳಿಯುವುದಿಲ್ಲ ಎಂಬುದು ಬೇರೆ ಮಾತು. ಕೈಲಾಸಂ ಇಂಗ್ಲಿಷು ಬೆರೆತ ಕನ್ನಡವನ್ನು ರಂಗಕ್ಕೆ ತಂದಾಗ ಜನ ನಕ್ಕದ್ದು ಓದು ಬರಹ ಬಲ್ಲ ಯಜಮಾನರ ಸೋಗನ್ನು ಕಂಡು. ಕಂಬಾರರ ‘ಜೋಕುಮಾರಸ್ವಾಮಿ’ 1972ರಲ್ಲಿ ಬೆಂಗಳೂರಿನಲ್ಲಿ ರಂಗಕ್ಕೆ ಬಂದಾಗ ಆ ನಗೆ ಇನ್ನಷ್ಟು ಮೊನಚಾಯಿತು. ಗೌಡನಿಗೆಂದು ಗೌಡತಿ ಮಾಡಿಸಿದ ಪಡುವಲಕಾಯಿ ಪಲ್ಯವನ್ನು ಉಳುವ ಬಸಣ್ಣ ಉಣ್ಣುತ್ತಾನೆ. ಬಂದೂಕು ಹಿಡಿದ ಒಡೆಯನಿಗೆ ಹೊಲವೂ ಒಲಿಯದು, ಹೆಂಡತಿಯೂ ಒಲಿಯಳು. ನೋಡುವವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿರುವಾಗಲೇ ಬಸಣ್ಣನ ಕೊಲೆಯಾಗುತ್ತದೆ. ಎರಡು ವರ್ಷದ ತರುವಾಯ, 1974ರಲ್ಲಿ, ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಿತು. ನಾಟಕದಿಂದ ಕಾನೂನು ಹುಟ್ಟಿತೆಂದು ಯಾರೂ ಹೇಳಲಾರರು. ಆದರೆ ಎರಡೂ ಕೇಳಿದ ಪ್ರಶ್ನೆ ಒಂದೇ, ಹೊಲ ಯಾರದು ಎಂಬುದು.

ದೇವನೂರ ಮಹಾದೇವರ ‘ಒಡಲಾಳ’ ಇನ್ನೂ ಮುಂದೆ ಹೋಗುತ್ತದೆ. ಸಾಹುಕಾರನ ಕಡಲೆಕಾಯಿ ಕದ್ದು ತಂದ ಮನೆಯವರು ಇರುಳೆಲ್ಲ ಕುಳಿತು ಒಂದೂ ಉಳಿಯದಂತೆ ತಿನ್ನುತ್ತಾರೆ. ಮರುದಿನ ಪೊಲೀಸರು ಬಂದು ಗುಡಿಸಲನ್ನು ಜಾಲಾಡುತ್ತಾರೆ. ಈ ನಗೆ ಹಸಿದವರದೇ. ಓದುಗನಿಗೆ ಅದರಲ್ಲಿ ಪಾಲುಂಟು, ಯಜಮಾನಿಕೆಯಿಲ್ಲ.

ಇಷ್ಟೆಲ್ಲ ಕೈಯಲ್ಲಿರುವಾಗ, ಹೊರನಾಡಿನ ಯುಗಾದಿ, ರಾಜ್ಯೋತ್ಸವದ ವೇದಿಕೆಗಳ ಕಿರುನಾಟಕಗಳು ಆರಿಸಿಕೊಳ್ಳುವುದು ಯಾವುದನ್ನು? ಹೆಚ್ಚಾಗಿ ಹೆಗಲ ಮೇಲೆ ಟವೆಲ್ಲು ಹೊತ್ತ, ‘ಹ’ಕಾರ ನುಂಗುವ, ಪಿಜ್ಜಾ ಎಂದರೇನೆಂದು ತಿಳಿಯದ ಮನೆಯಾಳನ್ನು. ನಗೆ ಸಿಡಿಯುವುದು ಅವನ ಬುದ್ಧಿಗಲ್ಲ, ಅವನ ಉಚ್ಚಾರಣೆಗೆ. ಆ ಉಚ್ಚಾರಣೆ ಮಂಡ್ಯದ್ದೋ ಕೋಲಾರದ್ದೋ ಕಲಬುರ್ಗಿಯದ್ದೋ ಎಂದು ವಿಚಾರಿಸುವವರಿಲ್ಲ. ಅದು ಎಲ್ಲಿಯದೂ ಅಲ್ಲದ, ‘ಆಳಿನ ಕನ್ನಡ’ ಎಂಬ ಕಲ್ಪಿತ ಭಾಷೆ. ಯಜಮಾನನಿಗೆ ಬಹುವಚನ, ಆಳಿಗೆ ಏಕವಚನ. ಅಜ್ಜನ ವಯಸ್ಸಿನವನನ್ನು ಎಳೆಯ ಮಗು ‘ಬಾರೋ’ ಎಂದು ಕರೆದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಇಂಗ್ಲಿಷಿನಲ್ಲಿ ಕಾಣದೇ ಹೋಗಬಹುದಾದ ಈ ಅಂತರವನ್ನು ಕನ್ನಡದ ವ್ಯಾಕರಣ ಪ್ರತಿ ಕ್ರಿಯಾಪದದಲ್ಲಿಯೂ ದಾಖಲಿಸುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಈ ವೇದಿಕೆಯಿಂದ ಕಲಿಯುವ ಕನ್ನಡದಲ್ಲಿ ಅದೂ ಸೇರಿದೆ.

ತಮಾಷೆ ತಮಾಷೆಯಾಗಿರಲಿ, ಅದಕ್ಕೆ ಇಷ್ಟು ಗಂಭೀರವಾದ ತಕರಾರೇಕೆ ಎನ್ನುವವರಿದ್ದಾರೆ. ವೇದಿಕೆಯ ಹೊರಗೂ ಆಳು ಇಲ್ಲದಿದ್ದರೆ ಆ ಮಾತು ನಿಲ್ಲುತ್ತಿತ್ತು. ಪ್ಲೇನ್ಸ್‌ಬರೋ, ಎಡಿಸನ್, ವೆಸ್ಟ್ ವಿಂಡ್ಸರ್‌ಗಳ ಮನೆಗಳಲ್ಲಿ ಮಗು ನೋಡಿಕೊಳ್ಳಲು, ಅಡುಗೆ ಮಾಡಲು, ಬಾಣಂತಿಯ ಆರೈಕೆಗೆ ಬರುವ ಹೆಂಗಸರಲ್ಲಿ ಭಾರತದವರೂ ಇದ್ದಾರೆ, ಗ್ವಾಟೆಮಾಲಾದವರೂ ಇದ್ದಾರೆ. ಅವರಿಗೆ ‘ಆಂಟಿ’ ಎಂಬ ಹೆಸರುಂಟು. ‘ನಮ್ಮ ಮನೆಯವರ ಹಾಗೆ’ ಎಂಬ ಬಿರುದೂ ಉಂಟು. ಮನೆಯವರಿಗೆ ಯಾರೂ ಓವರ್‌ಟೈಮ್ ಕೊಡುವುದಿಲ್ಲವಾದ್ದರಿಂದ ಆ ಬಿರುದು ಅಗ್ಗವಾಗಿ ಸಿಗುತ್ತದೆ.

ಅಮೆರಿಕದ 1938ರ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯಿದೆ ಮನೆಗೆಲಸದವರನ್ನು ಹೊರಗಿಟ್ಟಿತ್ತು. ಕನಿಷ್ಠ ವೇತನ ಅವರಿಗೆ ದಕ್ಕಿದ್ದು 1974ರಲ್ಲಿ. ನ್ಯೂಯಾರ್ಕ್ ರಾಜ್ಯ 2010ರಲ್ಲಿ ಮನೆಗೆಲಸದವರ ಹಕ್ಕುಗಳ ಕಾನೂನು ತಂದಿತು. ನ್ಯೂಜೆರ್ಸಿಯಲ್ಲಿ ಗವರ್ನರ್ ಫಿಲ್ ಮರ್ಫಿ 2024ರ ಜನವರಿಯಲ್ಲಿ ಸಹಿ ಹಾಕಿದ ಇಂಥದೇ ಕಾನೂನು ಅದೇ ವರ್ಷ ಜುಲೈ 1ರಿಂದ ಜಾರಿಗೆ ಬಂದಿದೆ. ರಾಜ್ಯದಲ್ಲಿ ಸುಮಾರು 50,000 ಮನೆಗೆಲಸದವರಿದ್ದಾರೆಂದು ಅಂದಾಜು. ಲಿಖಿತ ಒಪ್ಪಂದ, ಊಟದ ಬಿಡುವು, ಪಾಸ್‌ಪೋರ್ಟು ಮೊದಲಾದ ಕಾಗದಪತ್ರಗಳನ್ನು ಒಡೆಯರು ಇಟ್ಟುಕೊಳ್ಳುವುದಕ್ಕೆ ನಿಷೇಧ ಅದರಲ್ಲಿವೆ. ಕರ್ನಾಟಕವೂ ಹಿಂದೆ ಬಿದ್ದಿರಲಿಲ್ಲ. 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತು. ಅದನ್ನು ಲೆಕ್ಕ ಹಾಕಿ ಕೊಟ್ಟ ಬೆಂಗಳೂರಿನ ಮನೆಗಳೆಷ್ಟು ಎಂದು ಅಲ್ಲಿನ ಕೆಲಸದವರನ್ನೇ ಕೇಳಬೇಕು. ಮನೆಗೆಲಸದವರ ಕುರಿತ 2011ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಡಂಬಡಿಕೆಯನ್ನು ಭಾರತವೂ ಅಮೆರಿಕವೂ ಇನ್ನೂ ಸ್ಥಿರೀಕರಿಸಿಲ್ಲ.

ಜಾನ್ಸನ್ ಅವರ ಕುರಿತು ಉಳಿದಿರುವ ಪ್ರಸಂಗಗಳಲ್ಲಿ ಒಂದು ಮಾತ್ರ ಬೇರೆಯಾಗಿದೆ. ಕ್ಯಾಂಪಸ್ಸಿನಲ್ಲಿ ಮತ್ತೊಬ್ಬ ವ್ಯಾಪಾರಿಗೆ ಅವಕಾಶ ಕೊಡುವ ಮಾತು ಬಂದಾಗ ಮುದುಕ ಒಪ್ಪಲಿಲ್ಲವಂತೆ. ತನ್ನ ಬಿಡುಗಡೆ ಯುದ್ಧದಿಂದ ಬಂದದ್ದಲ್ಲ, ಪ್ರಿನ್ಸ್‌ಟನ್ ತನ್ನನ್ನು ಕೊಂಡಿತ್ತು, ಆದ್ದರಿಂದ ತನ್ನ ಅನ್ನವನ್ನು ನೋಡಿಕೊಳ್ಳುವ ಹೊಣೆಯೂ ಪ್ರಿನ್ಸ್‌ಟನ್ನಿನದೇ ಎಂದು ವಾದಿಸಿದರಂತೆ. ಕೇಳಿದವರು ಇದನ್ನೂ ನಗೆಚಾಟಿಕೆಯೆಂದೇ ಬಗೆದು ಬರೆದಿಟ್ಟರು.