ನೀರು ಸಿಕ್ಕಿತು, ಗಾಳಿ ಸಿಗಲಿಲ್ಲ

ಹಾಯಿಹಡಗುಗಳ ಕಾಲದಲ್ಲಿ ದ್ವೀಪವೊಂದರ ಬೆಲೆಯನ್ನು ನಿಶ್ಚಯಿಸುತ್ತಿದ್ದುದು ಅದರ ವಿಸ್ತಾರವಲ್ಲ, ಅಲ್ಲಿ ದೊರೆಯುವ ಸಿಹಿನೀರು. ಕಾರವಾರದ ದಕ್ಷಿಣಕ್ಕೆ, ಬಿಣಗಾ ತೀರದ ಎದುರಿಗಿರುವ ಅಂಜದೀವದ ಉದ್ದ ಸುಮಾರು ಒಂದೂವರೆ ಕಿಲೋಮೀಟರು ಮಾತ್ರ. ಆಡಳಿತದಲ್ಲಿ ಅದು ಗೋವೆಗೆ ಸೇರಿದೆ; ಈಗ ನೌಕಾನೆಲೆಯ ಭಾಗವಾಗಿರುವುದರಿಂದ ಜನಸಾಮಾನ್ಯರಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಐದು ಶತಮಾನಗಳ ಹಿಂದೆ ಈ ಕಡಲಿನ ನಾವಿಕರು ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಲ್ಲಿ ನೀರಿತ್ತು, ಸೌದೆಯಿತ್ತು, ಹಡಗು ತಂಗಲು ಮರೆಯೂ ಇತ್ತು.

1498ರ ಸೆಪ್ಟೆಂಬರಿನಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯ ಸಾಮೂದಿರಿಯೊಡನೆ ಮನಸ್ತಾಪ ಕಟ್ಟಿಕೊಂಡು ಇಲ್ಲಿಗೆ ಬಂದನು. ಅವನ ಸಂಗಡಿಗನೊಬ್ಬನು ಬರೆದಿಟ್ಟ ದಿನಚರಿಯಲ್ಲಿ ದ್ವೀಪದ ಚಿತ್ರವಿದೆ: ಪಾಳುಬಿದ್ದ ಕಲ್ಲಿನ ಕಟ್ಟಡ, ಹುಲ್ಲು ಹೊದಿಸಿದ ಗುಡಿಯಲ್ಲಿ ಮೂರು ಕರಿಯ ಕಲ್ಲುಗಳು, ಪಕ್ಕದಲ್ಲಿ ಕೆತ್ತಿದ ಕಲ್ಲಿನಿಂದ ಕಟ್ಟಿದ ಕೊಳ. ಪರದೇಶಿಗಳು ಹಡಗಿನ ತಳವನ್ನು ಹೆರೆದು ಶುಚಿಮಾಡಿ, ಪೀಪಾಯಿಗಳಲ್ಲಿ ನೀರು ತುಂಬಿಕೊಂಡರು. ಆ ಕೊಳವನ್ನು ಕಟ್ಟಿದವರಾರೆಂದು ವಿಚಾರಿಸುವಷ್ಟು ಕುತೂಹಲ ಅವರಿಗಿದ್ದಂತೆ ತೋರುವುದಿಲ್ಲ.

ಆಗ ನಲವತ್ತರ ಪ್ರಾಯದ ಒಬ್ಬ ಗೃಹಸ್ಥನು ಬಂದು ವೆನಿಸ್ಸಿನ ಭಾಷೆಯಲ್ಲಿ ಮಾತನಾಡಿಸಿದನು. ಗೋವೆಯ ಒಡೆಯನ ಸೇವೆಯಲ್ಲಿದ್ದ ಯೆಹೂದಿ ಅವನು. ಗಾಮನಿಗೆ ಸಂಶಯ ಹುಟ್ಟಿತು. ಹಿಡಿದು ಚಾವಟಿಯಿಂದ ಹೊಡೆಸಿದನು. ಮುತ್ತಿಗೆಗಾಗಿ ಹಡಗುಗಳು ಕೂಡುತ್ತಿವೆಯೆಂಬ ಮಾತು ಆತನ ಬಾಯಿಂದ ಹೊರಬಿತ್ತು. ಇನ್ನು ನಿಲ್ಲುವುದುಂಟೆ? ಅಕ್ಟೋಬರ್ 5ರಂದು ಹಾಯಿ ಬಿಚ್ಚಿದರು, ಆತನನ್ನೂ ಒಯ್ದರು.

ದೇವನಹಳ್ಳಿ, ದೊಡ್ಡಬಳ್ಳಾಪುರಗಳ ರೈತನಿಗೆ ಮುಂಗಾರು, ಹಿಂಗಾರುಗಳೆಂದರೆ ಮಳೆ. ಹಾಯಿಯನ್ನು ನಂಬಿದವನಿಗೆ ಅವೇ ಗಾಳಿ. ನೈಋತ್ಯದ ಗಾಳಿ ಆಫ್ರಿಕದಿಂದ ಇತ್ತ ತರುತ್ತದೆ, ಈಶಾನ್ಯದ್ದು ಅತ್ತ ಒಯ್ಯುತ್ತದೆ. ಅಕ್ಟೋಬರ್ ಮೊದಲಲ್ಲಿ ಒಂದು ಅಡಗಿರುತ್ತದೆ, ಇನ್ನೊಂದು ನೆಲೆಗೊಂಡಿರುವುದಿಲ್ಲ. ಇನ್ನೊಂದೆರಡು ತಿಂಗಳು ಕಾಯಬೇಕಾದ ಹೊತ್ತು ಅದು. ಮಲಿಂದಿಯ ಅರಸನು ಕೊಟ್ಟ ಮಾರ್ಗದರ್ಶಿಯೊಡನೆ ಬರುವಾಗ ಇದೇ ಕಡಲನ್ನು ಸುಮಾರು 23 ದಿನಗಳಲ್ಲಿ ದಾಟಿದ್ದವರಿಗೆ, ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ಗಾಳಿ ಸತ್ತ ದಿನಗಳು, ಎದುರುಗಾಳಿಯ ದಿನಗಳು. ಹಸಿಯ ಹಣ್ಣು ತರಕಾರಿಗಳಿಲ್ಲದೆ ವಸಡುಗಳು ಹಲ್ಲುಗಳನ್ನೇ ಮುಚ್ಚುವಷ್ಟು ಬಾತವು, ಕಾಲುಗಳು ಊದಿದವು. ಮೂವತ್ತು ಮಂದಿ ಸತ್ತರು. ಪ್ರತಿ ಹಡಗಿನಲ್ಲಿಯೂ ಕೆಲಸಕ್ಕೆ ಒದಗುವವರು ಏಳೆಂಟು ಮಂದಿ ಮಾತ್ರ ಉಳಿದರೆಂದು ದಿನಚರಿ ಹೇಳುತ್ತದೆ. 1499ರ ಜನವರಿಯಲ್ಲಿ ಆಫ್ರಿಕದ ತೀರ ಸೇರಿದ ಮೇಲೆ, ಮೂರು ಹಡಗುಗಳನ್ನು ನಡೆಸಲು ಆಳುಗಳು ಸಾಲದೆ, ‘ಸಾವ್ ರಫೇಲ್’ ಎಂಬುದನ್ನು ತಾವೇ ಸುಟ್ಟುಹಾಕಿದರು.

ಸೆರೆಯಾದ ಯೆಹೂದಿ ಪೋರ್ಚುಗಲ್ಲು ಸೇರಿ, ಗ್ಯಾಸ್ಪರ್ ಡ ಗಾಮನೆಂಬ ಹೊಸ ಹೆಸರು ಪಡೆದನು. 1500ರಲ್ಲಿ ಕಬ್ರಾಲನ ಹಡಗುಪಡೆಯೊಡನೆ ದುಭಾಷಿಯಾಗಿ ಬಂದಾಗ, ಆ ಪಡೆಯೂ ನೀರಿಗಾಗಿ ಅಂಜದೀವದಲ್ಲಿಯೇ ಲಂಗರು ಹಾಕಿತು. ಕಬ್ರಾಲನು ಮಲಬಾರಿನಿಂದ ಹಿಂದಿರುಗಿದ್ದು 1501ರ ಜನವರಿಯಲ್ಲಿ. ಆಗ ಈಶಾನ್ಯದ ಗಾಳಿ ಬೀಸುತ್ತಿತ್ತು.