ಎರಡನೆಯ ಲಸಿಕೆ ಯಾರ ಹೊಣೆ?

ಮೈಸೂರು ಸೀಮೆಯಲ್ಲಿ ಸಿಡುಬು ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಲವದು. ಫ್ರೆಂಚ್ ಮಿಷನರಿ ಅಬ್ಬೆ ದ್ಯುಬುವಾ ಸ್ವಾಮಿಗಳು ಆಗಷ್ಟೇ ಬಂದಿದ್ದ ಲಸಿಕೆಯನ್ನು ಜನರಿಗೆ ಹಾಕಿಸುವ ಕಾರ್ಯಕ್ಕೆ ನಿಂತರು. 1803-04ರಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಸಂದಿತೆಂದು ದಾಖಲೆ ಹೇಳುತ್ತದೆ. ದೇಹದ ಆರೈಕೆಯೂ ಗುರುಸೇವೆಯ ಭಾಗವೆಂದು ಅವರು ತಿಳಿದಿದ್ದರು. ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಜಗತ್ತು ಘೋಷಿಸಿತು.

ದಡಾರ ಇನ್ನೂ ಅಳಿದಿಲ್ಲ. ರೋಗ ತಗುಲಿದ ಒಂದು ಮಗು ರಕ್ಷಣೆಯಿಲ್ಲದ 12ರಿಂದ 18 ಮಂದಿಗೆ ಅದನ್ನು ಅಂಟಿಸಬಲ್ಲದು. ಶೇಕಡ 95ರಷ್ಟು ಮಕ್ಕಳಿಗೆ ಎರಡೂ ಲಸಿಕೆ ದೊರೆತರೆ ಮಾತ್ರ ಅದರ ಹಾದಿ ಮುಚ್ಚುತ್ತದೆ. ದಡಾರ-ರುಬೆಲ್ಲಾ ಅಭಿಯಾನವು 2017ರಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೂ ನೆರೆಯ ರಾಜ್ಯದ ಪಾಠವನ್ನು ಮರೆಯಲಾಗದು. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯ ಬಡ ಗಲ್ಲಿಗಳಲ್ಲಿ ದಡಾರ ಹಬ್ಬಿದಾಗ, ತುತ್ತಾದ ಮಕ್ಕಳಲ್ಲಿ ಬಹುಪಾಲು ಲಸಿಕೆ ಪಡೆಯದವರೇ ಆಗಿದ್ದರು.

ಜ್ಞಾನಭಾರತಿ, ಉಲ್ಲಾಳ, ಕೆಂಗೇರಿಗಳಲ್ಲಿ ಏಳುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳನ್ನು ನೋಡಿರಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು ಅಲ್ಲಿವೆ. ಮೊದಲ ಲಸಿಕೆ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಈ ನಡುವೆ ಊರು ಬದಲಾಗುತ್ತದೆ, ತಾಯಿ ಕಾರ್ಡ್ ಊರಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಉಚಿತ; ಆದರೆ ಅಲ್ಲಿ ಕಾಯುವ ದಿನದ ಕೂಲಿ ಹೋಗುತ್ತದೆ. ಬಳಿಕ ಮಗುವಿಗೆ ಜ್ವರ ಬಂದರೆ ಇನ್ನೊಂದು ದಿನದ ಕೂಲಿಯೂ ಹೋಗುತ್ತದೆ.

ಇದನ್ನು ತಾಯಿಯ ಅಜ್ಞಾನವೆಂದು ಕರೆಯುವುದು ನಮಗೆ ಸುಲಭ. ಆದರೆ ಆಯ್ಕೆಯಿದ್ದವನಿಗಷ್ಟೇ ಹೊಣೆ ಎಂಬುದು ನೀತಿಶಾಸ್ತ್ರದ ಮೊದಲ ಪಾಠ. ಮಗುವಿನ ಲಸಿಕೆ ಮತ್ತು ಅಂದಿನ ಅನ್ನದ ನಡುವೆ ಸಿಲುಕಿದವಳಿಗೆ ಆಯ್ಕೆ ಎಲ್ಲಿದೆ? ಆಯ್ಕೆ ಇರುವುದು ಆಕೆಗೆ ಕೂಲಿ ಕೊಡುವ ಮೇಸ್ತ್ರಿಗೆ, ಮನೆ ಕಟ್ಟಿಸುವ ಯಜಮಾನರಿಗೆ, ಆಕೆಯಿಂದ ಪಾತ್ರೆ ತೊಳೆಸಿಕೊಳ್ಳುವ ನಮ್ಮ ಕುಟುಂಬಗಳಿಗೆ. ತಮ್ಮನೆಲ್ಲಿ ಎಂದು ದೇವರು ಕೇಳಿದಾಗ ಕಾಯಿನನು ನುಣುಚಿಕೊಂಡಂತೆ ನಾವು ನುಣುಚಿಕೊಳ್ಳಲಾಗದು.

ಆದುದರಿಂದ ಬಾಂಧವರೇ, ನಿಮ್ಮಲ್ಲಿ ದುಡಿಯುವವರ ಮಗುವಿಗೆ ಎರಡನೆಯ ಲಸಿಕೆ ಆಯಿತೇ ಎಂದು ವಿಚಾರಿಸಿರಿ. ಆಗಿಲ್ಲವಾದರೆ ಸಂಬಳ ಕಡಿಯದೆ ಒಂದು ದಿನದ ರಜೆ ಕೊಡಿರಿ. ಕಾರ್ಡ್ ಇಲ್ಲವೆಂದು ಅಂಜುವ ತಾಯಿಯೊಡನೆ ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ರೋಗ ಕಾಣಿಸಿಕೊಳ್ಳಲೆಂದು ಕಾಯಬೇಡಿರಿ, ಲಸಿಕೆಯ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಈ ಪುಣ್ಯಕಾರ್ಯಕ್ಕೆ ತಗುಲುವ ವೆಚ್ಚ ಒಂದು ದಿನದ ಕೂಲಿ ಮಾತ್ರ.